ಹಲುಬೆಯಿಂದ ಟ್ರ್ಯಾಕ್ಟರ್ ರೇಕಿಗೆ: ಒತ್ತಡದ ಪಾಠವೊಂದರ ಮರುಯೋಜನೆ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿಯನ್ನು ವಹಿಸಲಾಗಿತ್ತು. ಘಟಕ ‘ಬಲ ಮತ್ತು ಒತ್ತಡ’. ಅದೇ ವಾರ ಶಾಲೆಯ ಹಿಂದಿನ ಬಯಲನ್ನು ಖೋ-ಖೋ ಆಡಲು ಹಸನು ಮಾಡಿಸುವ ಏರ್ಪಾಡು ನಡೆದಿತ್ತು. ಬಯಲಿನ ತುಂಬ ಸಣ್ಣ ಕಲ್ಲು, ಒಣಗಿದ ಕಳೆ, ಅಲ್ಲಲ್ಲಿ ಪಾರ್ಥೇನಿಯಂ ಗಿಡ. ಊರಿನ ರೈತರೊಬ್ಬರು ಶನಿವಾರ ತಮ್ಮ ಟ್ರ್ಯಾಕ್ಟರನ್ನೂ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿಕೊಂಡಿದ್ದ ಹಲ್ಲುಗಳ ರೇಕನ್ನೂ ತರುವುದಾಗಿ ಹೇಳಿದ್ದರು. ಮಕ್ಕಳ ಕಣ್ಣೆದುರಿಗೇ ನಡೆಯುವ ಕೆಲಸವನ್ನು ಪಾಠಕ್ಕೆ ಬಳಸಿಕೊಳ್ಳಬೇಕೆಂದು ನಾನು ಬುಧವಾರದ ಪಾಠ ಯೋಜನೆಯಲ್ಲಿ ಈ ರೇಕನ್ನೇ ಉದಾಹರಣೆಯಾಗಿ ಇಟ್ಟುಕೊಂಡೆ.

ಆ ಪಾಠದಲ್ಲಿ ಒಂದು ತಪ್ಪಾಯಿತು. ಅದನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ಅದೇ ಪಾಠವನ್ನು ಹೇಗೆ ಮರುಯೋಜಿಸಿದೆ, ಶನಿವಾರ ಬಯಲಿನಲ್ಲಿ ಏನಾಯಿತು ಎಂಬುದು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು ಎಂಬ ಆಸೆ.

ಬುಧವಾರದ ಪಾಠ

ಪೂರ್ವಜ್ಞಾನ ಪರೀಕ್ಷೆಗೆ ಹಲುಬೆಯ ಚಿತ್ರ ತೋರಿಸಿದೆ. ರಾಗಿ ಬೆಳೆಯುವ ಊರು. ಹಲುಬೆ ಹೊಡೆಯುವುದನ್ನು ನೋಡದ ಮಗು ತರಗತಿಯಲ್ಲಿ ಇರಲಿಲ್ಲ. “ಹಲುಬೆಗೂ ಟ್ರ್ಯಾಕ್ಟರ್ ರೇಕಿಗೂ ಏನು ಸಾಮ್ಯ?” ಎಂದು ಕೇಳಿದಾಗ “ಎರಡಕ್ಕೂ ಹಲ್ಲಿದೆ, ಎರಡೂ ಕಸ ಎಳೀತಾವೆ” ಎಂಬ ಉತ್ತರ ಬಂತು. ಅಲ್ಲಿಯವರೆಗೆ ಪಾಠ ಸಲೀಸಾಗಿ ಸಾಗಿತು. ಒತ್ತಡ ಎಂದರೆ ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ವರ್ತಿಸುವ ಬಲ ಎಂದು ಕಪ್ಪುಹಲಗೆಯ ಮೇಲೆ ಬರೆದು, ಅನ್ವಯಕ್ಕಾಗಿ ಒಂದು ಪ್ರಶ್ನೆ ಹಾಕಿದೆ: “ನೆಲ ಗಟ್ಟಿಯಾಗಿ ರೇಕಿನ ಹಲ್ಲು ಮಣ್ಣು ಹಿಡಿಯದಿದ್ದರೆ ಏನು ಮಾಡಬಹುದು?”

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಒಬ್ರು ಇಬ್ರು ಅದ್ರ ಮೇಲೆ ಹತ್ಕೊಂಡು ನಿಂತ್ರೆ ಆಯ್ತು ಮೇಡಂ, ಹಲಗೆ ಮೇಲೆ ನಿಲ್ಲಲ್ವಾ ಹಂಗೆ” ಎಂದ. ಉತ್ತ ಹೊಲಕ್ಕೆ ಹಲಗೆ ಹೊಡೆಯುವಾಗ ಭಾರಕ್ಕಾಗಿ ಅದರ ಮೇಲೆ ಆಳು ನಿಲ್ಲುವುದು, ಮಕ್ಕಳನ್ನು ನಿಲ್ಲಿಸುವುದು ಹಳ್ಳಿಯಲ್ಲಿ ನೋಡಿ ಬಲ್ಲ ಸಂಗತಿ. ನಾನು, “ಶಭಾಷ್! ಬಲ ಹೆಚ್ಚಿದರೆ ಒತ್ತಡ ಹೆಚ್ಚುತ್ತದೆ” ಎಂದು ಹೇಳಿ ಅವನ ಉತ್ತರವನ್ನು ಕಪ್ಪುಹಲಗೆಯ ಮೇಲೂ ಬರೆದೆ. ತರಗತಿ ಚಪ್ಪಾಳೆ ತಟ್ಟಿತು.

ಪಾಠದ ನಂತರ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕವನ್ನು ಕೈಗೆ ಕೊಟ್ಟರು. ಪ್ರಸ್ತಾವನೆ, ಧ್ವನಿ, ಕಪ್ಪುಹಲಗೆ ಕಾರ್ಯ ಎಲ್ಲಕ್ಕೂ ಒಳ್ಳೆಯ ಮಾತು ಬರೆದು, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: “ಉತ್ತರ ಸರಿ. ಆದರೆ ಹುಡುಗ ಎಲ್ಲಿ ನಿಂತಿದ್ದಾನೆ?”

ಆ ಸಾಲನ್ನು ಓದಿದಾಗ ಶನಿವಾರ ನೆನಪಾಯಿತು. ಟ್ರ್ಯಾಕ್ಟರ್ ಬರುವುದು ಇನ್ನು ಮೂರೇ ದಿನ. ಅದರ ಹಿಂದೆ ಹತ್ತಿ ನಿಲ್ಲುವುದು ಸರಿ ಎಂದು ಒಂದು ತರಗತಿಗೆ ವಿಜ್ಞಾನದ ಹೆಸರಿನಲ್ಲಿ ನಾನೇ ಒಪ್ಪಿಗೆ ಕೊಟ್ಟಿದ್ದೆ.

ವಿಷಯ ವಿಶ್ಲೇಷಣೆ: ಶಿಕ್ಷಕರು ತಿಳಿದಿರಬೇಕಾದದ್ದು

ಪಾಠ ತಪ್ಪಿದ್ದು ಒತ್ತಡದ ವ್ಯಾಖ್ಯೆ ಗೊತ್ತಿಲ್ಲದೆ ಅಲ್ಲ, ಉಪಕರಣ ಗೊತ್ತಿಲ್ಲದೆ. ಗುರುವಾರ ಸಂಜೆ ರೈತರ ಮನೆಗೆ ಹೋಗಿ ರೇಕನ್ನು ನೋಡಿ, ಅಳೆದು ಬಂದೆ. ಪಾಠಕ್ಕೆ ಬೇಕಾದ ಅಂಶಗಳು ಇವು.

ರಚನೆ: ಅಡ್ಡಲಾಗಿ ಒಂದು ಗಟ್ಟಿ ಕಬ್ಬಿಣದ ತೊಲೆ. ಅದರ ಉದ್ದಕ್ಕೂ ಮುಂದಕ್ಕೆ ಬಾಗಿದ ಹಲ್ಲುಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಇದಕ್ಕೆ ಲ್ಯಾಂಡ್‌ಸ್ಕೇಪ್ ರೇಕ್ ಎನ್ನುತ್ತಾರೆ. ಅಂಗಳ, ಮೈದಾನ, ಜಲ್ಲಿ ದಾರಿಗಳಲ್ಲಿ ಕಲ್ಲು, ಬೇರು, ಕಡ್ಡಿಗಳನ್ನು ಒಟ್ಟುಗೂಡಿಸಲು ಮತ್ತು ಮೇಲ್ಮಣ್ಣನ್ನು ಹದವಾಗಿ ಹರಡಲು ಬಳಸುತ್ತಾರೆ. ಹಲ್ಲುಗಳು ಸ್ಪ್ರಿಂಗ್ ಉಕ್ಕಿನವಾದರೆ ಕಲ್ಲಿಗೆ ತಗುಲಿದಾಗ ಹಿಂದಕ್ಕೆ ಬಾಗಿ ಮತ್ತೆ ಮೊದಲಿನಂತಾಗುತ್ತವೆ. ಸಾದಾ ಕಬ್ಬಿಣದವಾದರೆ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ.

ಜೋಡಣೆ: ರೇಕನ್ನು ಟ್ರ್ಯಾಕ್ಟರಿನ ಹಿಂದೆ ಮೂರು ಕಡೆ ಜೋಡಿಸುತ್ತಾರೆ. ಕೆಳಗೆ ಎರಡು ಲಿಂಕ್, ಮೇಲೆ ನಡುವೆ ಒಂದು ಟಾಪ್ ಲಿಂಕ್. ಈ ಮೂರು ಬಿಂದುಗಳ ಜೋಡಣೆಯನ್ನು ಬಳಕೆಗೆ ತಂದವರು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1939ರಲ್ಲಿ ಬಂದ ಫೋರ್ಡ್ 9ಎನ್ ಟ್ರ್ಯಾಕ್ಟರಿನಿಂದ ಇದು ವ್ಯಾಪಕವಾಯಿತು. ಅದಕ್ಕೂ ಮೊದಲು ಹಿಂದೆ ಎಳೆದುಕೊಂಡು ಹೋಗುತ್ತಿದ್ದ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚುವ ಅಪಾಯವಿತ್ತು. ಮೂರು ಬಿಂದುಗಳ ಜೋಡಣೆ ಆ ಅಪಾಯವನ್ನು ತಗ್ಗಿಸಿತು. ಇಂದಿಗೂ ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಸರಪಳಿ ಕಟ್ಟಿ ಭಾರ ಎಳೆದರೆ ಅದೇ ಅಪಾಯ ಮರಳುತ್ತದೆ.

ಭಾರ: ಟ್ರ್ಯಾಕ್ಟರಿನ ಹಿಂದಿನ ಹೈಡ್ರಾಲಿಕ್ ಸಾಮಾನ್ಯವಾಗಿ ಉಪಕರಣವನ್ನು ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಲಿವರ್ ಪೂರ್ತಿ ಇಳಿಸಿದಾಗ ರೇಕು ತನ್ನ ಭಾರದಿಂದಲೇ ನೆಲದ ಮೇಲೆ ಕೂರುತ್ತದೆ. “ಹತ್ತಿ ನಿಂತರೆ ಹಿಡಿಯುತ್ತದೆ” ಎಂಬ ಯೋಚನೆ ಹುಟ್ಟುವುದು ಇಲ್ಲಿಯೇ.

ಹೊಂದಾಣಿಕೆ: ಟಾಪ್ ಲಿಂಕನ್ನು ಗಿಡ್ಡ ಮಾಡಿದರೆ ಚೌಕಟ್ಟಿನ ಮೇಲ್ಭಾಗ ಮುಂದಕ್ಕೆ ಬಂದು ಹಿಂಭಾಗ ಏಳುತ್ತದೆ, ಉದ್ದ ಮಾಡಿದರೆ ಇಳಿಯುತ್ತದೆ. ಇದರಿಂದ ಹಲ್ಲಿನ ತುದಿ ನೆಲಕ್ಕೆ ಕೂಡುವ ಕೋನ ಬದಲಾಗುತ್ತದೆ. ತೊಲೆಯನ್ನು ನೇರವಾಗಿಟ್ಟರೆ ಕಸ ಮುಂದೆಯೇ ಒಟ್ಟಾಗುತ್ತದೆ, ಓರೆಯಾಗಿಟ್ಟರೆ ಒಂದು ಪಕ್ಕಕ್ಕೆ ಸಾಲಾಗಿ ಬೀಳುತ್ತದೆ.

ಮಿತಿ: ರೇಕು ಅಗೆಯುವ ಸಾಧನವಲ್ಲ. ಗಟ್ಟಿ ನೆಲವನ್ನು ಮೊದಲು ಕಲ್ಟಿವೇಟರಿನಿಂದ ಸಡಿಲಿಸಬೇಕು. ಮಣ್ಣು ಸ್ವಲ್ಪ ಹಸಿಯಿದ್ದರೆ ಒಳ್ಳೆಯದು. ಕೆಸರಾದರೆ ಹಲ್ಲುಗಳ ನಡುವೆ ಮೆತ್ತಿಕೊಳ್ಳುತ್ತದೆ, ಪೂರಾ ಒಣಗಿದ್ದರೆ ಹಲ್ಲು ಜಾರಿ ದೂಳೆಬ್ಬಿಸುತ್ತದೆ. ಮುಳ್ಳುತಂತಿ, ಹಗ್ಗಗಳನ್ನು ಮೊದಲೇ ಆರಿಸಿ ತೆಗೆಯಬೇಕು. ನಲ್ಲಿಯ ಪೈಪು, ಗಡಿಕಲ್ಲುಗಳ ಬಳಿ ಗುರುತು ನೆಡಬೇಕು. ನಡಿಗೆಯ ವೇಗ ಸಾಕು, ವೇಗ ಹೆಚ್ಚಿದರೆ ರೇಕು ಕುಪ್ಪಳಿಸುತ್ತದೆ. ಇಳಿಜಾರಿನಲ್ಲಿ ಮತ್ತೆ ಮತ್ತೆ ಎಳೆದರೆ ಮೇಲ್ಮಣ್ಣು ಸಡಿಲಗೊಂಡು ಮಳೆಗೆ ಕೊಚ್ಚಿಹೋಗುತ್ತದೆ. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಬೀಜ ಕಟ್ಟಿದ ಮೇಲೆ ರೇಕು ಎಳೆದರೆ ಬೀಜವನ್ನು ಬಯಲಿಗೆಲ್ಲ ಬಿತ್ತಿದಂತಾಗುತ್ತದೆ. ಅದು ಚರ್ಮದ ಅಲರ್ಜಿ ತರುವುದರಿಂದ ಮಕ್ಕಳ ಬರಿಗೈಯಲ್ಲಿ ಕೀಳಿಸಬಾರದು.

ಮರುಯೋಜನೆ: ಶುಕ್ರವಾರದ ಪಾಠ

ಕಲಿಕಾ ಫಲಗಳು: ವಿದ್ಯಾರ್ಥಿಗಳು
1. ಒತ್ತಡವನ್ನು ಬದಲಿಸುವ ಎರಡು ದಾರಿಗಳನ್ನು, ಅಂದರೆ ಬಲ ಮತ್ತು ವಿಸ್ತೀರ್ಣವನ್ನು, ಲೆಕ್ಕದ ಮೂಲಕ ಹೋಲಿಸುವರು.
2. ಹಲಗೆ, ಹಲುಬೆ, ಟ್ರ್ಯಾಕ್ಟರ್ ರೇಕುಗಳ ಸಾಮ್ಯವನ್ನೂ ವ್ಯತ್ಯಾಸವನ್ನೂ ಹೇಳುವರು.
3. ಚಲಿಸುವ ಉಪಕರಣದ ಮೇಲೆ ಏಕೆ ನಿಲ್ಲಬಾರದು ಎಂಬುದನ್ನು ಪ್ರಯೋಗದ ಆಧಾರದಿಂದ ವಿವರಿಸುವರು.

ಕಲಿಕೋಪಕರಣಗಳು: ಒಂದಡಿ ಉದ್ದದ ಮರದ ಪಟ್ಟಿಗೆ ಮೊಳೆ ಹೊಡೆದು ಹಿಡಿಕೆ ಸೇರಿಸಿದ ಮಾದರಿ ರೇಕು, ಮರಳು ತುಂಬಿದ ತಟ್ಟೆ, ಸಣ್ಣ ಕಲ್ಲುಗಳು, ರಬ್ಬರ್, ಕೋನಮಾಪಕ, ಗ್ರಾಫ್ ಹಾಳೆ.

ತೊಡಗಿಸುವಿಕೆ: ಪಾಠವನ್ನು ನನ್ನ ತಪ್ಪಿನಿಂದಲೇ ಆರಂಭಿಸಿದೆ. “ಬುಧವಾರ ಒಂದು ಉತ್ತರವನ್ನು ಸರಿ ಎಂದೆ. ಅದರ ಲೆಕ್ಕ ಸರಿಯಾಗಿತ್ತು. ಆದರೆ ಒಂದು ವಿಷಯ ನಾನು ಯೋಚಿಸಿರಲಿಲ್ಲ. ಇವತ್ತು ಎಲ್ಲರೂ ಸೇರಿ ನೋಡೋಣ” ಎಂದೆ. ಉತ್ತರ ಹೇಳಿದ್ದ ಹುಡುಗನನ್ನೇ ಮಾದರಿ ರೇಕು ಎಳೆಯಲು ಕರೆದೆ. ಅವನು ತಪ್ಪು ಮಾಡಿದವನೆಂದು ತರಗತಿಗೆ ಅನ್ನಿಸಬಾರದಿತ್ತು. ತಪ್ಪು ನನ್ನದು.

ಪರಿಶೋಧನೆ 1: ಮರಳಿನೊಳಗೆ ಯಾರಿಗೂ ಕಾಣದಂತೆ ಒಂದು ದೊಡ್ಡ ಕಲ್ಲನ್ನು ಹೂತಿಟ್ಟಿದ್ದೆ. ಮಾದರಿ ರೇಕಿನ ಪಟ್ಟಿಯ ಮೇಲೆ ರಬ್ಬರನ್ನು ನೆಟ್ಟಗೆ ನಿಲ್ಲಿಸಿ, “ಇದು ಮೇಲೆ ನಿಂತ ಮನುಷ್ಯ” ಎಂದೆ. ಹುಡುಗ ನಿಧಾನವಾಗಿ ಎಳೆದ. ಮೊಳೆಗಳು ಕಲ್ಲಿಗೆ ತಗುಲಿದ ಕೂಡಲೆ ರೇಕು ಗಕ್ಕನೆ ನಿಂತಿತು, ರಬ್ಬರು ಬಿತ್ತು. ಎಲ್ಲಿ ಬಿತ್ತು ಎಂದು ಕೇಳಿದೆ. “ಮುಂದಕ್ಕೆ ಮೇಡಂ.” ಮುಂದೆ ಏನಿದೆ? ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ, “ಮುಂದೆ ಟ್ರ್ಯಾಕ್ಟರು. ಹಿಂದೆ ಹಲ್ಲು. ಬಿದ್ದೋರ ಮೇಲೆ ಹಲ್ಲು ಬರುತ್ತೆ” ಎಂದಳು.

ಪ್ರಯೋಗವನ್ನು ಐದು ಸಲ ಮಾಡಿದೆವು. ನಾಲ್ಕು ಸಲ ರಬ್ಬರು ಮುಂದಕ್ಕೆ ಬಿತ್ತು. ಒಂದು ಸಲ ಹುಡುಗ ಹೊರಡುವಾಗ ಜೋರಾಗಿ ಎಳೆದದ್ದರಿಂದ ಹಿಂದಕ್ಕೆ ಬಿತ್ತು. ಈ ವ್ಯತ್ಯಾಸವೂ ಪಾಠಕ್ಕೆ ಒದಗಿತು. ಚಲಿಸುವ ವಸ್ತು ಚಲಿಸುತ್ತಲೇ ಇರಲು, ನಿಂತ ವಸ್ತು ನಿಂತೇ ಇರಲು ಬಯಸುವಂತೆ ವರ್ತಿಸುತ್ತದೆ ಎಂಬುದನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳಿದರು. ಜಡತ್ವ ಎಂಬ ಪದವನ್ನು ಕೊನೆಯಲ್ಲಷ್ಟೇ ಕೊಟ್ಟೆ.

ಪರಿಶೋಧನೆ 2: “ಹಾಗಾದರೆ ಹಲಗೆ ಮೇಲೆ ಯಾಕೆ ನಿಲ್ತಾರೆ?” ಎಂದು ಮಕ್ಕಳೇ ಕೇಳಿದರು. ಬಂದ ಉತ್ತರಗಳನ್ನು ಕಪ್ಪುಹಲಗೆಯಲ್ಲಿ ಎರಡು ಕಂಬಸಾಲಿನಲ್ಲಿ ಬರೆದೆ. ಹಲಗೆಗೆ ಹಲ್ಲಿಲ್ಲ, ರೇಕಿಗೆ ಇದೆ. ಎತ್ತು ಭಾರ ತಗುಲಿದರೆ ತಾನೇ ನಿಲ್ಲುತ್ತದೆ, ಹೋ ಎಂದರೆ ನಿಲ್ಲುತ್ತದೆ. ಟ್ರ್ಯಾಕ್ಟರಿಗೆ ತಗುಲಿದ್ದು ಗೊತ್ತಾಗುವುದಿಲ್ಲ, ಸದ್ದಿನಲ್ಲಿ ಕೂಗು ಚಾಲಕರಿಗೆ ಕೇಳಿಸುವುದಿಲ್ಲ. ಹಲಗೆಯ ಮೇಲಿನವನ ಕೈಯಲ್ಲೇ ಹಗ್ಗ ಇರುತ್ತದೆ. ರೇಕಿನ ಮೇಲಿನವನು ಚಾಲಕರ ಬೆನ್ನ ಹಿಂದಿರುತ್ತಾನೆ. ಹಲಗೆಯೂ ಪೂರ್ತಿ ನಿರಪಾಯವಲ್ಲ, ಬಿದ್ದು ಕಾಲು ಉಳುಕಿಸಿಕೊಂಡವರ ಕತೆಗಳು ಆಗ ಹೊರಬಂದವು. ಆದರೆ ಹಲಗೆಯ ಮೇಲೆ ನಿಲ್ಲುವ ಅಜ್ಜ ಮೂರ್ಖ ಎನ್ನುವ ಅರ್ಥ ಬರದಂತೆ ಎಚ್ಚರವಹಿಸಿದೆ. ಎತ್ತಿನ ವೇಗಕ್ಕೆ ಹೊಂದಿದ ರೂಢಿಯನ್ನು ಎಂಜಿನ್ನಿನ ಶಕ್ತಿಗೆ ಹಾಗೆಯೇ ದಾಟಿಸುವುದು ತಪ್ಪು, ಅಷ್ಟೇ.

ವಿವರಣೆ: ಈಗ ಲೆಕ್ಕ. ರೇಕಿನ ಭಾರ 144 ಕಿಲೋ, ಹಲ್ಲು 36, ಪೂರ್ತಿ ಭಾರ ಹಲ್ಲುಗಳ ಮೇಲೆ ಸಮನಾಗಿ ಬೀಳುತ್ತದೆ ಎಂದು ಭಾವಿಸಿದೆವು. ಒಂದು ಹಲ್ಲಿಗೆ 4 ಕಿಲೋ. 36 ಕಿಲೋ ತೂಕದ ಹುಡುಗ ಹತ್ತಿದರೆ ಒಟ್ಟು 180 ಕಿಲೋ, ಒಂದು ಹಲ್ಲಿಗೆ 5 ಕಿಲೋ. ಬಲವನ್ನು ನ್ಯೂಟನ್‌ನಲ್ಲಿ ಹೇಳುವುದಾದರೆ ಸುಮಾರು 40 ಇದ್ದದ್ದು 50 ಆಯಿತು. “ಅಷ್ಟೇನಾ?” ಎಂದು ಹುಡುಗ ಬೇಸರದಿಂದ ಕೇಳಿದ.

ಆಗ ಎರಡನೆಯ ದಾರಿ ಕೇಳಿದೆ. ಭಾರ ಹೆಚ್ಚಿಸದೆ ಒತ್ತಡ ಹೆಚ್ಚಿಸಬಹುದೇ? ಸ್ವಲ್ಪ ಹೊತ್ತಿನ ಬಳಿಕ ಒಂದು ಗುಂಪು, “ಹಲ್ಲು ಕಡಿಮೆ ಮಾಡಿದ್ರೆ?” ಎಂದಿತು. ಒಂದು ಬಿಟ್ಟು ಒಂದು ಹಲ್ಲು ಬಿಚ್ಚಿದರೆ ಉಳಿಯುವುದು 18. ಬಿಚ್ಚಿದ ಹಲ್ಲುಗಳ ತೂಕವನ್ನು ಸದ್ಯಕ್ಕೆ ಬಿಟ್ಟರೆ 144 ಭಾಗಿಸು 18, ಅಂದರೆ ಒಂದು ಹಲ್ಲಿಗೆ 8 ಕಿಲೋ. ಯಾರೂ ಹತ್ತದೆಯೇ ಇಮ್ಮಡಿ. ರೇಕು ಬಳಸುವವರು ನಿಜವಾಗಿಯೂ ಹೀಗೆ ಹಲ್ಲು ಬಿಚ್ಚುವುದುಂಟು. ಸಣ್ಣ ಜಲ್ಲಿ ನಡುವೆ ನುಸುಳಿ ಹೋಗಿ, ದೊಡ್ಡ ಕಲ್ಲು ಮಾತ್ರ ಒಟ್ಟಾಗುತ್ತದೆ. ಬುಧವಾರ ನಾನು ಒಂದೇ ಉತ್ತರಕ್ಕೆ ತೃಪ್ತಳಾಗದೆ “ಇನ್ನೊಂದು ದಾರಿ?” ಎಂದು ಕೇಳಿದ್ದರೆ ಸೂತ್ರದ ಇನ್ನೊಂದರ್ಧ ಅಂದೇ ಹೊರಬರುತ್ತಿತ್ತು.

ವಿಸ್ತರಣೆ: ಗ್ರಾಫ್ ಹಾಳೆಯ ಮೇಲೆ 1 ಸೆಂಟಿಮೀಟರಿಗೆ 1 ಅಡಿಯಂತೆ 6 ಅಡಿ ರೇಕನ್ನು ಮೊದಲು ನೇರವಾಗಿ, ನಂತರ 30 ಡಿಗ್ರಿ ಓರೆಯಾಗಿ ಎಳೆಯಲು ಹೇಳಿದೆ. ಓರೆಯಾದಾಗ ಅದು ಆವರಿಸುವ ಅಗಲ ಸುಮಾರು 5.2 ಅಡಿ ಎಂದು ಅಳತೆಯಿಂದ ತಿಳಿಯಿತು. ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಅರ್ಧ ಅಡಿ ಬರಬೇಕೆಂದರೆ 60 ಅಡಿ ಅಗಲದ ಬಯಲಿಗೆ ನೇರವಾಗಿ 11 ಸಾಲು, ಓರೆಯಾಗಿ 13 ಸಾಲು ಬೇಕು. ಎರಡು ಸಾಲು ಹೆಚ್ಚಾದರೂ ಕಸ ಪಕ್ಕಕ್ಕೆ ಸರಿಯುತ್ತದೆ, ಮತ್ತೆ ಮತ್ತೆ ನಿಂತು ಗುಡ್ಡೆ ಬಿಡುವ ಕೆಲಸ ತಪ್ಪುತ್ತದೆ. ಯಾವುದು ಲಾಭ ಎಂಬ ಚರ್ಚೆಗೆ ಒಂದೇ ಉತ್ತರವಿಲ್ಲ. ಹಾಗೆ ಬಿಟ್ಟದ್ದೇ ಒಳ್ಳೆಯದಾಯಿತು.

ಶನಿವಾರ ಬಯಲಿನಲ್ಲಿ

ಕೆಲಸದ ಜಾಗದಿಂದ 20 ಮೀಟರ್ ದೂರದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿ ಮಕ್ಕಳನ್ನು ಅದರಾಚೆ ಕೂರಿಸಿದೆವು. ರೇಕು ಎಳೆಯುವುದನ್ನು ಮಕ್ಕಳು ನೋಡುವುದು ಮಾತ್ರ, ಟ್ರ್ಯಾಕ್ಟರಿನ ಬಳಿ ಯಾವ ಕೆಲಸವೂ ಇಲ್ಲ. ಎಂಜಿನ್ ನಿಂತು, ರೇಕು ನೆಲಕ್ಕೆ ಇಳಿದು, ಚಾಲಕರು ಕೆಳಗಿಳಿದ ಮೇಲಷ್ಟೇ ಗೆರೆ ದಾಟಬಹುದು ಎಂದು ಹೇಳಿದ್ದೆವು.

ಮೊದಲ ಸಾಲಿನಲ್ಲೇ ಹಲ್ಲುಗಳು ನೆಲದ ಮೇಲೆ ಜಾರಿದವು. ಚಾಲಕರು ಟ್ರ್ಯಾಕ್ಟರ್ ನಿಲ್ಲಿಸಿ, ಇತ್ತ ತಿರುಗಿ ಕೂಗಿದರು: “ಯಾರಾದ್ರೂ ಇಬ್ರು ಬನ್ರೋ, ಹತ್ಕೊಂಡು ನಿಂತ್ಕಳ್ಳಿ!”

ಒಂಬತ್ತನೆಯ ತರಗತಿಯ ಇಬ್ಬರು ಎದ್ದು ಓಡಿದರು. ಅವರಿಗೆ ಈ ಪಾಠ ಆಗಿರಲಿಲ್ಲ. “ಹತ್‌ಬ್ಯಾಡ್ರೋ!” ಎಂದು ನಮ್ಮ ತರಗತಿಯ ಮಕ್ಕಳು ಕೂಗುತ್ತಿದ್ದಂತೆ ಮುಖ್ಯ ಶಿಕ್ಷಕರು ಅಡ್ಡ ಹೋಗಿ ಅವರನ್ನು ತಡೆದರು. ನಾನು ಚಾಲಕರ ಬಳಿ ಹೋಗಿ ಮಾತಾಡಿದೆ. ಅವರು ಕೆಟ್ಟ ಮನಸ್ಸಿನಿಂದ ಕರೆದದ್ದಲ್ಲ, ಹೊಲದಲ್ಲಿ ಹಾಗೆಯೇ ಮಾಡಿ ಅಭ್ಯಾಸ. ಹಲ್ಲು ಬಿಚ್ಚುವ ಉಪಾಯ ಹೇಳಿದಾಗ ನಕ್ಕು, “ಅಷ್ಟು ಬೋಲ್ಟು ಬಿಚ್ಚೋ ಹೊತ್ತಿಗೆ ಮಧ್ಯಾಹ್ನ ಆಗುತ್ತೆ. ಕಲ್ಟಿವೇಟರ್ ತಂದು ಒಂದು ಸಾಲು ಹೊಡೆದುಬಿಡ್ತೀನಿ ಬಿಡಿ” ಎಂದರು. ಹಾಗೆಯೇ ಮಾಡಿದರು. ಸಡಿಲವಾದ ಮಣ್ಣಿನಲ್ಲಿ ರೇಕು ಚೆನ್ನಾಗಿ ಹಿಡಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಬಯಲಿನ ಅಂಚಿನಲ್ಲಿ ಕಲ್ಲು ಕಸದ ಸಾಲು ಬಿದ್ದಿತ್ತು. ಎಂಜಿನ್ ನಿಂತ ಮೇಲೆ ಮಕ್ಕಳು ಕಲ್ಲುಗಳನ್ನು ಆರಿಸಿ ಗಿಡಗಳ ಪಾತಿಯ ಸುತ್ತ ಜೋಡಿಸಿದರು. ಕಸಕ್ಕೆ ಬೆಂಕಿ ಹಾಕದೆ ಗೊಬ್ಬರದ ಗುಂಡಿಗೆ ಸಾಗಿಸಲಾಯಿತು.

ಮೌಲ್ಯಮಾಪನ

ಸೋಮವಾರ ಮೂರು ಪ್ರಶ್ನೆಗಳ ಕಿರುಪರೀಕ್ಷೆ ಕೊಟ್ಟೆ.
1. ಗಟ್ಟಿ ನೆಲದಲ್ಲಿ ರೇಕು ಹಿಡಿಯುವಂತೆ ಮಾಡಲು ಮನುಷ್ಯರ ಭಾರವಿಲ್ಲದ ಎರಡು ಉಪಾಯ ಬರೆಯಿರಿ.
2. ಚಲಿಸುವ ರೇಕು ಥಟ್ಟನೆ ನಿಂತರೆ ಮೇಲೆ ನಿಂತವರು ಯಾವ ಕಡೆಗೆ ಬೀಳುತ್ತಾರೆ? ಚಿತ್ರ ಬರೆದು ತೋರಿಸಿ.
3. ನಿಮ್ಮ ಮನೆಯಲ್ಲಿ ಯಾರಾದರೂ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೋಗಲು ಕರೆದರೆ ಏನು ಹೇಳುತ್ತೀರಿ?

ಮೊದಲೆರಡಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ಮೂರನೆಯದಕ್ಕೆ ಉತ್ತರಗಳು ಬೇರೆ ಬೇರೆ. ಒಬ್ಬಳು “ಅಪ್ಪಾಜಿಗೆ ಬೇಡ ಅಂತ ಹೇಳೋಕೆ ಭಯ, ಅಮ್ಮನಿಗೆ ಹೇಳ್ತೀನಿ” ಎಂದು ಬರೆದಿದ್ದಳು. ಬುಧವಾರದ ಹುಡುಗ, “ನಡ್ಕೊಂಡ್ ಬರ್ತೀನಿ ಅಂತೀನಿ” ಎಂದು ಒಂದೇ ಸಾಲು ಬರೆದಿದ್ದ. ಈ ಪ್ರಶ್ನೆಗೆ ಅಂಕ ಕೊಡಲಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ

‘ತಿಳಿದದ್ದರಿಂದ ತಿಳಿಯದುದರೆಡೆಗೆ’ ಎಂಬ ಸೂತ್ರವನ್ನು ನಾವೆಲ್ಲ ಪಾಠ ಯೋಜನೆಯಲ್ಲಿ ಬರೆಯುತ್ತೇವೆ. ಹಲುಬೆ, ಹಲಗೆಗಳಿಂದ ರೇಕಿಗೆ ಬಂದದ್ದು ಅದೇ ಸೂತ್ರದ ಪ್ರಕಾರ. ಆದರೆ ಮಗು ತಿಳಿದದ್ದರ ಜೊತೆಗೆ ಅದರ ರೂಢಿಯನ್ನೂ ಹೊತ್ತು ಬರುತ್ತದೆ. ಸಾಮ್ಯ ಎಲ್ಲಿ ಮುಗಿಯುತ್ತದೆ ಎಂಬುದನ್ನು ಶಿಕ್ಷಕರು ಗೆರೆ ಎಳೆದು ತೋರಿಸದಿದ್ದರೆ ಮಗು ಆ ಗೆರೆಯನ್ನು ದಾಟಿ ನಡೆಯುತ್ತದೆ. ಯಂತ್ರೋಪಕರಣಗಳ ಉದಾಹರಣೆ ಬಳಸುವ ಪಾಠ ಯೋಜನೆಯಲ್ಲಿ ‘ಸಾಮ್ಯ’ದ ಪಕ್ಕದಲ್ಲಿ ‘ವ್ಯತ್ಯಾಸ’ ಎಂಬ ಇನ್ನೊಂದು ಕಂಬಸಾಲು ಇರಲಿ. ಉಪಕರಣವನ್ನು ಪಾಠಕ್ಕೆ ಮೊದಲೇ ಹೋಗಿ ನೋಡಿ ಬನ್ನಿ. ಮಗುವಿನ ಉತ್ತರ ಸೂತ್ರಕ್ಕೆ ಹೊಂದಿದ ಕೂಡಲೆ ಶಭಾಷ್ ಎನ್ನುವ ಮೊದಲು, ಆ ಉತ್ತರದಲ್ಲಿ ಮಗು ಎಲ್ಲಿ ನಿಂತಿದೆ ಎಂದು ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು ಮಾತು. ಒಂದು ತರಗತಿಗೆ ಪಾಠ ಮಾಡಿದ್ದು ಸಾಲಲಿಲ್ಲ ಎಂಬುದನ್ನು ಓಡಿಹೋದ ಆ ಇಬ್ಬರು ಹುಡುಗರು ತೋರಿಸಿದರು. ಮರುವಾರದ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಎಂಟನೆಯ ತರಗತಿಯ ಮಕ್ಕಳೇ ಮರಳಿನ ತಟ್ಟೆ, ಮಾದರಿ ರೇಕು, ರಬ್ಬರು ಹಿಡಿದು ಇಡೀ ಶಾಲೆಗೆ ಆ ಪ್ರಯೋಗ ಮಾಡಿ ತೋರಿಸಿದರು. ಚಾಲಕರನ್ನೂ ಕರೆದಿದ್ದೆವು. ಬಂದಿದ್ದರು. ರಬ್ಬರು ಬಿದ್ದಾಗ ಬಗ್ಗಿ ನೋಡಿ, ಎತ್ತಿ ಪಟ್ಟಿಯ ಮೇಲೆ ತಾವೇ ನಿಲ್ಲಿಸಿ, “ಇನ್ನೊಂದ್ಸಲ ಎಳಿ ಮಗ” ಎಂದರು.